ಮೋಡ ಕವಿದ ನಲವತ್ತೊಂದು ದಿನ

"ಉಸಿರು ಬಿಡಬೇಡಿ!"

ತಕ್ಕಡಿ ಮೇಷ್ಟ್ರು ಗದರಿದ ರಭಸಕ್ಕೆ ಇನ್ಸ್‌ಪೆಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಅಂಕಿಗಳು ಹಿಂದೆ ಮುಂದೆ ಓಡಾಡಿ, ಕೊನೆಗೆ ಒಂದು ಕಡೆ ನಿಂತವು. ಮೇಷ್ಟ್ರು ಅದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು.

"ಈಗ ಬಿಡಬಹುದಾ?"

"ಆ ಕಡೆ ತಿರುಗಿ ಬಿಡಿ. ನಿಧಾನಕ್ಕೆ."

ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿ, ಎಂತೆಂಥ ಖದೀಮರನ್ನೋ ಗದರಿಸಿ ನಿವೃತ್ತರಾದ ಹೆಂಗಸಿಗೆ ಉಸಿರಾಡಲು ಅಪ್ಪಣೆ ಕೇಳುವ ಗತಿ ಬಂದದ್ದು ಇದೇ ಮೊದಲು. ಅವರು ಗೋಡೆಯ ಕಡೆ ತಿರುಗಿ ಉಸಿರು ಬಿಟ್ಟರು. ಜೊತೆಗೆ ಕೆಮ್ಮೂ ಬಂತು. ಈ ಊರಿನ ಡಾಕ್ಟರ್ ತಮ್ಮನ ಮನೆಗೆ ಬಂದು ಎರಡು ವರ್ಷವಾಯಿತು, ಕೆಮ್ಮು ಬಂದೂ ಎರಡು ವರ್ಷವಾಯಿತು.

ತಕ್ಕಡಿ ಮೇಷ್ಟ್ರು ನಿಜವಾಗಿ ಮೇಷ್ಟ್ರೇನಲ್ಲ. ಗಾಳಿ ತಪಾಸಣೆ ಕಚೇರಿಯ ತೂಕದ ಕೋಣೆಯ ಸಹಾಯಕ. ಬಾಗಿಲು ಜೋರಾಗಿ ಹಾಕಬೇಡಿ, ಪೇಪರನ್ನು ಕೈಯಲ್ಲಿ ಮುಟ್ಟಬೇಡಿ ಎಂದು ದಿನವಿಡೀ ಪಾಠ ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು.

ಆ ಊರಿನಲ್ಲಿ ಗಾಳಿಯನ್ನು ತೂಗುವ ರೀತಿ ಇಷ್ಟೇ. ಶಾಲೆಯ ತಾರಸಿಯ ಮೇಲೊಂದು ಯಂತ್ರ. ಅದು ಹಗಲೂ ಇರುಳೂ ಗಾಳಿಯನ್ನು ಹೀರಿ ಒಂದು ಬಿಳಿಯ ಪೇಪರಿನ ಮೂಲಕ ಆಚೆ ಬಿಡುತ್ತದೆ. ಹಾಕುವ ಮೊದಲು ಪೇಪರಿನ ತೂಕ ಎಷ್ಟು, ತೆಗೆದ ಮೇಲೆ ಎಷ್ಟು ಎಂದು ನೋಡಿದರೆ ಊರಿನ ಜನ ಅವತ್ತು ನುಂಗಿದ ಮಸಿ ಎಷ್ಟೆಂದು ತಿಳಿಯುತ್ತದೆ. ದಿನಾ ಬೆಳಿಗ್ಗೆ ಎಂಟಕ್ಕೆ ಏಣಿ ಹತ್ತಿ ಆ ಪೇಪರ್ ಬದಲಾಯಿಸುತ್ತಿದ್ದವನನ್ನು ಊರು ಪೇಪರಣ್ಣ ಎಂದು ಕರೆಯುತ್ತಿತ್ತು. ಹತ್ತು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಅವನು ಅದೇ ತಾರಸಿಯಿಂದ ಬಿದ್ದು ಸತ್ತಿದ್ದ.

ಸುಳ್ಳು ದಾಖಲೆ ಬರೆದು ಸಿಕ್ಕಿಬಿದ್ದ, ಮುಖ ತೋರಿಸಲಾಗದೆ ಹಾರಿಕೊಂಡ ಎಂದು ಕಚೇರಿ ಕೈತೊಳೆದುಕೊಂಡಿತ್ತು. ಅವನ ಮಗಳೊಬ್ಬಳು ಮಾತ್ರ ಇದನ್ನು ಒಪ್ಪಿರಲಿಲ್ಲ. "ಸಾಯೋಕೆ ಹೋದವರು ಹೊಸ ಪೇಪರ್ ಎದೆಗವಚಿಕೊಂಡು ಹತ್ತುತ್ತಾರಾ?" ಎಂದು ಅವಳು ಇನ್ಸ್‌ಪೆಕ್ಟರಮ್ಮನ ಬಾಗಿಲಲ್ಲಿ ಬಂದು ನಿಂತಾಗ, ಅವರು ಅವಳನ್ನು ಒಳಗೆ ಕರೆದು ಕೂರಿಸಿಕೊಂಡಿದ್ದರು. ಅದಕ್ಕೇ ಈ ತನಿಖೆ.

"ರಿಜಿಸ್ಟರ್ ತೋರಿಸ್ತೀನಿ ಅಂದಿದ್ರಿ" ಎಂದರು ಇನ್ಸ್‌ಪೆಕ್ಟರಮ್ಮ.

ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ ದಪ್ಪ ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. ಒಂದು ವರ್ಷದ ಲೆಕ್ಕ. ಪ್ರತಿ ದಿನಕ್ಕೊಂದು ಸಾಲು. ತೂಕದ ಪಕ್ಕದಲ್ಲಿ 'ಹವೆ' ಎಂಬ ಖಾನೆ. ಪೇಪರಣ್ಣ ಲಕೋಟೆಯ ಮೇಲೆ ಬರೆದು ಕಳಿಸಿದ ಮಾತನ್ನು ಮೇಷ್ಟ್ರು ಅಲ್ಲಿ ಇದ್ದ ಹಾಗೇ ಇಳಿಸಬೇಕು. ಬಿಸಿಲು. ಬಿಸಿಲು. ಗಾಳಿ. ಮಳೆ. ಬಿಸಿಲು. ಮೋಡ.

ಮೋಡ ಎಂದು ಬರೆದಿದ್ದ ಪ್ರತಿ ಸಾಲಿನ ಮೇಲೂ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ 'ಅಮಾನ್ಯ' ಎಂಬ ಮೊಹರು.

"ಯಾಕೆ ಹೊಡೆದು ಹಾಕಿದ್ದೀರಿ?"

"ನಾನಲ್ಲ, ದೊಡ್ಡ ಸಾಹೇಬರು. ನಿಯಮ ಇದೆ ಮೇಡಂ. ಮಳೆ ಇರಲಿ, ಮೋಡ ಇರಲಿ, ಪೇಪರ್ ತೇವ ಕುಡಿಯುತ್ತೆ. ತೂಕ ಸುಳ್ಳಾಗುತ್ತೆ. ಅಂಥ ದಿನಗಳನ್ನ ಬಿಟ್ಟು ಸರಾಸರಿ ತೆಗೀಬೇಕು."

"ಮೋಡ ಅಂತ ಎಷ್ಟು ದಿನ ಬಿಟ್ಟಿದ್ದೀರಿ?"

"ನಲವತ್ತೊಂದು."

ಇನ್ಸ್‌ಪೆಕ್ಟರಮ್ಮ ಕನ್ನಡಕ ಮೇಲೆ ಮಾಡಿ ತಾರೀಖುಗಳ ಮೇಲೆ ಬೆರಳು ಓಡಿಸಿದರು. ಕಡು ಬೇಸಿಗೆಯಲ್ಲಿ ಹನ್ನೊಂದು ದಿನ ಮೋಡ. ಚಳಿಗಾಲದಲ್ಲಿ ಇಪ್ಪತ್ತೆಂಟು. ಮಳೆಗಾಲದಲ್ಲಿ ಬರೀ ಎರಡು. ಬೇಸಿಗೆಯ ಆ ಹನ್ನೊಂದು ದಿನಗಳಲ್ಲಿ ಮೂರು ಅವರಿಗೆ ಚೆನ್ನಾಗಿ ನೆನಪಿದ್ದವು. ತಮ್ಮನ ಮನೆಯ ಅಟ್ಟ ಖಾಲಿ ಮಾಡಿಸಿ, ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದ ದಿನಗಳು ಅವು. ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ.

"ಇದೇ ಸುಳ್ಳು ದಾಖಲೆ ಅಂದಿದ್ದು?"

"ಇದೇ. ಹವಾಮಾನದವರ ಲೆಕ್ಕ ತರಿಸಿ ನೋಡಿದ್ರಂತೆ. ಆ ದಿನಗಳಲ್ಲಿ ಮೋಡವೇ ಇರಲಿಲ್ಲವಂತೆ. ಅವನು ಏಣಿ ಹತ್ತದೆ ಮನೇಲಿ ಕೂತು ಬಾಯಿಗೆ ಬಂದದ್ದು ಗೀಚಿದ್ದಾನೆ ಅಂತ ಸಾಹೇಬರು ಬರೆದುಬಿಟ್ರು."

"ಮೋಡ ಇಲ್ಲ ಅಂದ್ರೆ ಪೇಪರ್ ಸರಿಯಾಗಿದೆ ಅಂತ ತಾನೇ? ಆ ಕೆಂಪು ಗೆರೆ ತೆಗೀಬೇಕಲ್ಲ?"

"ನಾನೂ ಅದನ್ನೇ ಕೇಳ್ದೆ. ಸುಳ್ಳುಗಾರನ ಪೇಪರನ್ನ ಹೇಗೆ ನಂಬೋದು ಅಂದ್ರು."

ಚೆನ್ನಾಗಿದೆ ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಮೋಡ ಇದ್ದರೂ ಆ ದಿನ ಲೆಕ್ಕಕ್ಕಿಲ್ಲ, ಇಲ್ಲದಿದ್ದರೂ ಲೆಕ್ಕಕ್ಕಿಲ್ಲ. ಹೇಗೆ ಬಿದ್ದರೂ ಗೆಲ್ಲುವ ಆಟ.

ಅವತ್ತು ಸಂಜೆ ನಾಲ್ಕಕ್ಕೆ ಪುರಭವನದಲ್ಲಿ ಸಾರ್ವಜನಿಕ ವಿಚಾರಣೆ ಇತ್ತು. ಕಾರ್ಖಾನೆಗೆ ಎರಡನೆಯ ಚಿಮಣಿ ಬೇಕಂತೆ. ಈಗಿರುವ ಒಂದೇ ಚಿಮಣಿಗೆ ಊರಿನ ಮಕ್ಕಳು ರಾತ್ರಿಯೆಲ್ಲ ಎದ್ದು ಕೂತು ಏದುಸಿರು ಬಿಡುತ್ತಿದ್ದರು. ಜನರ ಪರವಾಗಿ ಮಾತಾಡಲು ಒಪ್ಪಿದ್ದ ಒಬ್ಬನೇ ವೈದ್ಯ ಇನ್ಸ್‌ಪೆಕ್ಟರಮ್ಮನ ತಮ್ಮ. ದಮ್ಮು ಹಿಡಿದ ಮಕ್ಕಳ ಹೆಸರು, ವಯಸ್ಸು ಬರೆದ ಮೂರು ದಪ್ಪ ನೋಟುಪುಸ್ತಕ ಅವನ ಹತ್ತಿರ ಇದ್ದವು. ಆದರೆ ಗಾಳಿ ಮಿತಿಯೊಳಗೇ ಇದೆ ಎಂದು ಇಲಾಖೆಯ ಸರಾಸರಿಯೇ ಹೇಳುತ್ತಿರುವಾಗ ಆ ಮೂರು ಪುಸ್ತಕಕ್ಕೆ ಬೆಲೆ ಎಲ್ಲಿ?

ಬೆಳಿಗ್ಗೆ ಕಾಫಿ ಕುಡಿಯುತ್ತ ಅವನೇ ಅಂದಿದ್ದ. "ಅಂಕಿ ಇಲ್ಲದೆ ನಾನೇನು ಹೇಳಿದ್ರೂ ಅಳುಬುರುಕನ ಮಾತಾಗುತ್ತೆ ಅಕ್ಕಾ."

"ಪೇಪರಣ್ಣ ನಿನ್ನ ಹತ್ತಿರ ಯಾವತ್ತಾದ್ರೂ ಬಂದಿದ್ನೇನೋ?"

"ಅವನ ಮುಖ ಕೂಡ ನೋಡಿಲ್ಲ ನಾನು."

ಈಗ ಆ ನಲವತ್ತೊಂದು ಪೇಪರುಗಳು ಬೇಕು. "ಎಲ್ಲಿವೆ ಅವು?" ಎಂದರು ಇನ್ಸ್‌ಪೆಕ್ಟರಮ್ಮ.

ಮೇಷ್ಟ್ರ ಮುಖ ಸಣ್ಣದಾಯಿತು. "ಅಮಾನ್ಯ ಆದ್ರೂ ಮೂರು ವರ್ಷ ತೂಕದ ಕೋಣೇಲೇ ಇಟ್ಕೊಳ್ಳಬೇಕು, ನಿಯಮ. ಆದ್ರೆ ಆ ಸೋಮವಾರ ಸಾಹೇಬರು ಅಷ್ಟನ್ನೂ ತಮ್ಮ ಬೀರುವಿಗೆ ತರಿಸ್ಕೊಂಡ್ರು."

"ಆ ಸೋಮವಾರ ಅಂದ್ರೆ?"

"ಅವನು ಸಾಯೋ ಹಿಂದಿನ ದಿನ. ಯಂತ್ರದ ಮೋಟಾರಿನ ಬ್ರಷ್ ಸವೆದಿದೆ, ಹೊಸದು ಬೇಕು ಅಂತ ಇಲ್ಲಿಗೆ ಬಂದಿದ್ದ. ಯಾವತ್ತೂ ಒಳಗೆ ಬಂದವನಲ್ಲ, ಲಕೋಟೆಗಳನ್ನ ಜೀಪಿನವರು ತರ್ತಿದ್ರು. ರಿಜಿಸ್ಟರ್ ಹೀಗೇ ತೆರೆದಿತ್ತು. ಕೆಂಪು ಗೆರೆ ಯಾಕೆ ಅಂತ ಕೇಳ್ದ. ಹೇಳ್ದೆ." 

"ಆಮೇಲೆ?"

"ಅಲ್ಲೇ ನೆಲದ ಮೇಲೆ ಕೂತುಬಿಟ್ಟ ಮೇಡಂ. ನನ್ನ ಕೈಯಾರೆ ನಾನೇ ಅಳಿಸಿಹಾಕ್ದೆ, ಅಂದ. ಮೇಷ್ಟ್ರೇ, ನಾನು ಬರೆದ ಮೋಡ ಅದಲ್ಲ, ಅಂದ. ನನಗೆ ಅರ್ಥ ಆಗ್ಲಿಲ್ಲ. ನಾನು ಈ ಊರಿಗೆ ಬಂದು ಆರು ತಿಂಗಳಾಯ್ತು ಅಷ್ಟೆ. ಸಾಹೇಬರನ್ನ ಕೇಳು ಅಂತ ಕಳಿಸ್ದೆ."

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. "ನಾನೇ ಕಳಿಸಿದ್ದು" ಎಂದರು ಇನ್ನೊಮ್ಮೆ.

ನಾನು ಬರೆದ ಮೋಡ ಅದಲ್ಲ. ಮೋಡದಲ್ಲಿ ಎಷ್ಟು ಜಾತಿ ಇದೆ ಎಂದು ಯೋಚಿಸುತ್ತ ಇನ್ಸ್‌ಪೆಕ್ಟರಮ್ಮ ಮೆಟ್ಟಿಲಿಳಿದರು.

*

ಪೇಪರಣ್ಣನ ಮಗಳು ಕೆಲಸ ಮಾಡುತ್ತಿದ್ದ ಲಾಂಡ್ರಿ ಚಿಮಣಿಯ ಕೆಳಗಿನ ಗಲ್ಲಿಯಲ್ಲಿತ್ತು. ಒಳಗೆ ಆವಿ, ಸೋಪಿನ ವಾಸನೆ, ಬಿಸಿ ಇಸ್ತ್ರಿಯ ಚುಯ್ ಎನ್ನುವ ಸದ್ದು. ಹಿತ್ತಲಿನ ಉದ್ದಕ್ಕೂ ಕಟ್ಟಿದ್ದ ಹಗ್ಗಗಳು ಖಾಲಿ. ಇಷ್ಟು ಒಳ್ಳೆಯ ಬಿಸಿಲಿದ್ದರೂ ಒದ್ದೆ ಚಾದರಗಳನ್ನೆಲ್ಲ ಒಳಗೇ ನೇತುಹಾಕಿದ್ದರು. ಇನ್ಸ್‌ಪೆಕ್ಟರಮ್ಮ ಅವುಗಳ ನಡುವೆ ತಲೆ ತಗ್ಗಿಸಿಕೊಂಡು ನಡೆಯಬೇಕಾಯಿತು.

ಅವಳು ಇಸ್ತ್ರಿ ನಿಲ್ಲಿಸದೆಯೇ ಕೇಳಿದಳು. "ಏನಾದ್ರೂ ಗೊತ್ತಾಯ್ತಾ ಅಮ್ಮ?"

"ನಿಮ್ಮಪ್ಪ ಸುಳ್ಳು ಬರೆಯೋ ಮನುಷ್ಯ ಆಗಿದ್ರಾ?"

"ಅಪ್ಪಂಗೆ ಸುಳ್ಳು ಹೇಳೋಕೆ ಬಂದಿದ್ರೆ ನಾವು ಈ ಗಲ್ಲೀಲಿ ಯಾಕಿರ್ತಿದ್ವಿ?"

ಪಕ್ಕದ ಮೇಜಿನ ಹೆಂಗಸರು ಕಿಸಕ್ಕೆಂದರು. ಅವಳು ನಗಲಿಲ್ಲ. ಅಪ್ಪ ಸತ್ತ ಮೂರನೇ ದಿನವೇ ಕೆಲಸಕ್ಕೆ ಬಂದಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಸುಳ್ಳುಗಾರನ ಮಗಳು ಎಂಬ ಮಾತು ಬೆನ್ನ ಹಿಂದೆ ಕೇಳಿಸುತ್ತಿತ್ತು. ಅಪ್ಪನನ್ನು ವಾಪಸ್ಸು ತಂದುಕೊಡಿ ಎಂದು ಅವಳೇನೂ ಕೇಳಿರಲಿಲ್ಲ. ಆ ಒಂದು ಮಾತನ್ನು ತೆಗೆಸಿಕೊಡಿ ಎಂದಷ್ಟೇ ಕೇಳಿದ್ದಳು.

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದುಕೊಳ್ಳಲು ಹೋದವರು ಗೋಡೆಯ ಕಡೆ ನೋಡಿ ಹಾಗೇ ನಿಂತರು. ಅಲ್ಲೊಂದು ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು.

ಇವತ್ತು ಮೋಡ. ಬಿಳಿ ಬಟ್ಟೆ ಹೊರಗೆ ಹಾಕಬಾರದು.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಆಕಾಶ ಸ್ವಚ್ಛವಾಗಿತ್ತು, ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ಮೋಡ ಎಲ್ಲಿದೆಯಮ್ಮ?"

"ಈಗ ಬರುತ್ತೆ ನೋಡಿ. ಮಧ್ಯಾಹ್ನ ಗಾಳಿ ಈ ಕಡೆ ತಿರುಗುತ್ತೆ. ಅವರು ಒಲೆ ಕೆದಕಿದ್ರು ಅಂದ್ರೆ ಬಂತೇ ಬಂತು."

"ಯಾರು? ಯಾವ ಒಲೆ?"

"ಕಾರ್ಖಾನೆಯವರು ಅಮ್ಮ!" ಅವಳು ಇಸ್ತ್ರಿ ಎತ್ತಿ ನಿಲ್ಲಿಸಿದಳು. "ಮೋಡ ಅಂದ್ರೆ ಹೊಗೆ. ಚಿಮಣಿ ಹೊಗೆ. ನಿಮಗೆ ಗೊತ್ತಿಲ್ವಾ?"

ಇನ್ಸ್‌ಪೆಕ್ಟರಮ್ಮ ಮತ್ತೊಮ್ಮೆ ಹಲಗೆಯ ಕಡೆ ತಿರುಗಿದರು.

"ಎಲ್ಲರೂ ಹಾಗೇ ಅಂತೀರಾ?"

"ಎಲ್ಲರೂ. ಚಿಮಣಿ ಶುರುವಾದಾಗ ನಾನಿನ್ನೂ ಶಾಲೇಲಿದ್ದೆ. ಕಾರ್ಖಾನೆಯ ದೊಡ್ಡೋರು ಬಂದು, ಇದು ಹೊಗೆ ಅಲ್ಲ ಮಕ್ಕಳೇ, ನೀರಿನ ಆವಿ, ಮೋಡ ಇದ್ದ ಹಾಗೆ ಅಂದ್ರು. ಮನೇಲಿ ಹೇಳಿದ್ರೆ ನಮ್ಮಜ್ಜಿ ಬಿದ್ದು ಬಿದ್ದು ನಕ್ಕಳು. ಅವತ್ತಿಂದ ಮೋಡ ಬಂತು ಬಟ್ಟೆ ತೆಗಿಯೇ, ಮೋಡ ಬಂತು ಕಿಟಕಿ ಹಾಕೇ, ಅಂತ ಗೇಲಿ ಮಾಡೋಳು. ಗೇಲಿ ಹೋಯ್ತು, ಅಜ್ಜಿಯೂ ಹೋದಳು, ಮಾತು ಉಳ್ಕೊಂಡ್ತು."

"ಮತ್ತೆ ನಿಜವಾದ ಮೋಡಕ್ಕೆ?"

"ಮಳೆ ಕಟ್ಟಿದೆ ಅಂತೀವಿ. ಕಟ್ಟಿದ್ರೆ ತಾನೇ!"

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ತಮ್ಮನ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಚೀಟಿ ಹಂಚಲು ಕೂರುತ್ತಿದ್ದವರು ಅವರು. ಮೋಡ ಬಂದಾಗಲೆಲ್ಲ ನನ್ನ ಮಗೂಗೆ ದಮ್ಮು ಎಂದು ತಾಯಂದಿರು ಅವರೆದುರೇ ಹೇಳಿದ್ದರು. ಥಂಡಿ ಹವೆಗೆ ಹಾಗಾಗುತ್ತದೆ, ಸ್ವೆಟರ್ ಹಾಕಿ ಎಂದು ಇವರು ಬುದ್ಧಿ ಬೇರೆ ಹೇಳಿ ಕಳಿಸಿದ್ದರು. ಸ್ವೆಟರಂತೆ! ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಪೇಪರಣ್ಣ ಸುಳ್ಳು ಬರೆದಿರಲಿಲ್ಲ. ಊರಿನ ಮಾತಿನಲ್ಲಿ ನಿಜವನ್ನೇ ಬರೆದಿದ್ದ. ಹೊಗೆ ಶಾಲೆಯ ತಾರಸಿಗೇ ನುಗ್ಗಿ, ಪೇಪರ್ ಕರ್ರಗಾದ ದಿನಗಳಲ್ಲೆಲ್ಲ ತಪ್ಪದೆ ಮೋಡ ಎಂದು ಗುರುತು ಹಾಕಿದ್ದ. ಓದುವವರಿಗೆ ತಿಳಿಯಲಿ ಎಂದೇ ಬರೆದಿದ್ದ. ಆ ಒಂದು ಮಾತಿನಿಂದಲೇ ವರ್ಷದ ಅತಿ ಕೆಟ್ಟ ನಲವತ್ತೊಂದು ದಿನಗಳು ಲೆಕ್ಕದಿಂದ ಹಾರಿಹೋದವು.

"ನಿಮ್ಮಪ್ಪ ಸೋಮವಾರ ರಾತ್ರಿ ಏನಾದ್ರೂ ಹೇಳಿದ್ರಾ?"

"ಊಟ ಮಾಡ್ಲಿಲ್ಲ. ನಾಳೆ ಬೆಳಿಗ್ಗೆ ಸರಿ ಹೋಗುತ್ತೆ, ದೊಡ್ಡ ಮನುಷ್ಯರೊಬ್ಬರು ನನ್ನ ಮಾತು ಕೇಳೋಕೆ ಅಲ್ಲಿಗೇ ಬರ್ತಾರೆ ಅಂದ್ರು. ಯಾರು ಅಂದ್ರೆ ಹೇಳ್ಲಿಲ್ಲ. ಸಾಹೇಬರೇ ಇರ್ಬೇಕು ಅಂದ್ಕೊಂಡೆ."

"ಇದನ್ನ ಪೊಲೀಸರಿಗೆ ಹೇಳಿದ್ಯಾ?"

"ಹೇಳ್ದೆ. ಬರ್ಕೊಳ್ಳಲಿಲ್ಲ."

ಬರೆದುಕೊಂಡಿರುವುದಿಲ್ಲ. ಆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

"ನಾಲ್ಕಕ್ಕೆ ಪುರಭವನಕ್ಕೆ ಬಾ" ಎಂದು ಇನ್ಸ್‌ಪೆಕ್ಟರಮ್ಮ ಎದ್ದರು. "ಆ ಹಲಗೇನೂ ಕಿತ್ಕೊಂಡು ಬಾ."

*

ದೊಡ್ಡ ಸಾಹೇಬರ ಕೋಣೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರವೊಂದು ಮೂಲೆಯಲ್ಲಿ ಗೊರ್ ಎನ್ನುತ್ತಿತ್ತು. ಊರಿನ ಗಾಳಿಗೆ ಒಳ್ಳೆಯ ನಡತೆಯ ಪತ್ರ ಬರೆಯುವ ಕೈಗೆ ತನ್ನ ಕೋಣೆಯ ಗಾಳಿಯ ಮೇಲೆ ಮಾತ್ರ ನಂಬಿಕೆ ಇರಲಿಲ್ಲ.

"ಬನ್ನಿ ಮೇಡಂ, ಬನ್ನಿ. ನೀವು ರಿಟೈರ್ ಆಗಿ ಎರಡು ವರ್ಷ ಆಯ್ತಲ್ವಾ?"

"ಕೆಲಸದಿಂದ ರಿಟೈರ್ ಆದೆ ಸಾರ್. ಕಣ್ಣು ಕಿವಿ ಇನ್ನೂ ಸರ್ವೀಸಲ್ಲಿವೆ."

ಸಾಹೇಬರು ನಕ್ಕರು. ಗುಂಡು ಮುಖ, ನುಣ್ಣನೆಯ ಮಾತು. ಎದುರಿನವರಿಗೆ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

"ಸ್ವಲ್ಪ ಸೆಖೆ ಸಾರ್" ಎಂದು ಇನ್ಸ್‌ಪೆಕ್ಟರಮ್ಮ ತಾವೇ ಎದ್ದು ಹೋಗಿ ಕಿಟಕಿ ತೆರೆದರು. ಬಂದು ಕೂತು ಕನ್ನಡಕ ಒರೆಸಿಕೊಂಡರು. "ಮೋಡ ಅಂದ್ರೆ ಏನು ಸಾರ್?"

"ಅಂದ್ರೆ?"

"ಪೇಪರಣ್ಣ ಬರೆದ ಮೋಡ. ಗಲ್ಲಿಯವರು ಚಿಮಣಿ ಹೊಗೆಗೇ ಮೋಡ ಅಂತಾರಂತೆ."

"ಹೌದೇ? ನಾನು ಹೊರಗಿನವನು ಮೇಡಂ. ಗಲ್ಲಿ ಭಾಷೆ ನನಗೆ ಹೇಗೆ ಗೊತ್ತಾಗ್ಬೇಕು? ನಾನು ಓದಿದ ಪುಸ್ತಕದಲ್ಲಿ ಮೋಡ ಅಂದ್ರೆ ಮೋಡ."

"ಅದೂ ಸರಿಯೇ." ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿದರು. ಆಮೇಲೆ ಯಂತ್ರ ಯಾವ ಸಾಲಿನದು, ಏಣಿ ಯಾರು ಮಾಡಿದ್ದು, ಜೀಪು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೆಲಸಕ್ಕೆ ಬಾರದ ಪ್ರಶ್ನೆಗಳನ್ನು ಒಂದೊಂದಾಗಿ ಶುರುಮಾಡಿದರು. ಒಂದನ್ನು ಎರಡೆರಡು ಸಲ ಕೇಳಿದರು. ಕಿವಿ ಮಂದ ಎಂಬಂತೆ ಉತ್ತರವನ್ನು ಮತ್ತೆ ಹೇಳಿಸಿದರು. ಮನುಷ್ಯನಿಗೆ ರೇಗಿದಾಗ ಕಚೇರಿಯ ಮಾತು ಹಿಂದೆ ಸರಿದು ಮನೆಯ ಮಾತು ಮುಂದೆ ಬರುತ್ತದೆ ಎಂಬುದನ್ನು ಅವರು ಠಾಣೆಯ ಬೆಂಚಿನ ಮೇಲೆ ಕಲಿತಿದ್ದರು.

ಹತ್ತು ನಿಮಿಷ ಹೋಯಿತು. ಸಾಹೇಬರ ನುಣುಪು ಮಾತು ಗಂಟುಗಂಟಾಗತೊಡಗಿತು. ಕಿಟಕಿಯಾಚೆ ಚಿಮಣಿಯ ಹೊಗೆ ಬಾಗಿ, ಕಟ್ಟಡಗಳ ಮೇಲಿಂದ ನಿಧಾನವಾಗಿ ಕಚೇರಿಯ ಕಡೆ ತಿರುಗಿತು. ಮೊದಲು ಒಂದು ಘಾಟು ಬಂತು. ಸಾಹೇಬರು ಮೂಗು ಮುರಿದರು. ಗಂಟಲು ಕೆರೆಯಿತೇನೋ, ಎರಡು ಸಲ ಕೆಮ್ಮಿದರು. ಮೂರನೇ ಸಲ ಗಂಟೆಯನ್ನು ಬಲವಾಗಿ ಒತ್ತಿದರು. ಜವಾನ ಬಾಗಿಲಲ್ಲಿ ಕಾಣಿಸಿಕೊಂಡ.

"ಏ, ಕಣ್ಣು ಕಾಣಲ್ವೇನೋ ನಿನಗೆ? ಕಿಟಕಿ ಹಾಕೋ, ಮೋಡ ನುಗ್ತಾ ಇದೆ!"

ಜವಾನ ಓಡಿ ಬಂದು ಕಿಟಕಿ ಹಾಕಿದ. ಅವನಿಗೇನೂ ವಿಶೇಷ ಅನ್ನಿಸಲಿಲ್ಲ.

"ಎಲ್ಲಿ ಸಾರ್?" ಎಂದರು ಇನ್ಸ್‌ಪೆಕ್ಟರಮ್ಮ ಮೆತ್ತಗೆ. "ಬಿಸಿಲು ಸುಡ್ತಾ ಇದೆಯಲ್ಲ. ಮೋಡ ಎಲ್ಲಿದೆ?"

ಸಾಹೇಬರು ಕಿಟಕಿಯ ಕಡೆ ನೋಡಿದರು. 

"ನೀನು ಹೊರಗೆ ಹೋಗೋ" ಎಂದರು ಜವಾನನಿಗೆ.

"ಇರ್ಲಿ ಬಿಡಿ. ನಾಲ್ಕು ಗಂಟೆಗೆ ಪುರಭವನದಲ್ಲಿ ಇವನನ್ನೇ ಕೇಳ್ತೀನಿ. ನಿಮ್ಮ ಸಾಹೇಬರು ಏನಂದ್ರು, ನೀನು ಯಾವುದಕ್ಕೆ ಕಿಟಕಿ ಹಾಕ್ದೆ ಅಂತ."

ಜವಾನ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿ ಮೆಲ್ಲಗೆ ಜಾರಿಕೊಂಡ.

"ಹೌದು, ಗೊತ್ತಿತ್ತು!" ಸಾಹೇಬರ ಬೆಣ್ಣೆಯೆಲ್ಲ ಕರಗಿತ್ತು. "ಏನೀಗ? ಸೋಮವಾರ ಅವನು ಅಲ್ಲೇ, ನೀವು ಕೂತಲ್ಲೇ ನಿಂತು ಅರ್ಜಿ ಕೊಟ್ಟ. ಮೋಡ ಅಂದ್ರೆ ಹೊಗೆ, ತಿದ್ದಿ ಅಂತ. ಪೇಪರ್ ಬದಲಾಯಿಸೋನು ಹೇಳಿದ ಅಂತ ಒಂದು ವರ್ಷದ ದಾಖಲೆ ತಿದ್ದೋಕಾಗುತ್ತಾ?"

"ಪೇಪರುಗಳನ್ನ ಕೊಡಿ."

"ನಿಮಗೆ ಯಾವ ಅಧಿಕಾರ ಇದೆ? ಮಾಜಿ ಪೊಲೀಸರು ನೀವು, ಮಾಜಿ!"

"ಅವರಿಗಿಲ್ಲ ಸಾರ್. ನನಗಿದೆ."

ಬಾಗಿಲಲ್ಲಿ ತಕ್ಕಡಿ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ನಿಯಮದ ಪುಸ್ತಕ. 

"ಅಮಾನ್ಯ ಆದ ಪೇಪರೂ ತೂಕದ ಕೋಣೇಲೇ ಇರ್ಬೇಕು ಸಾರ್. ಹನ್ನೆರಡನೇ ನಿಯಮ. ಅವಕ್ಕೆ ಜವಾಬ್ದಾರ ನಾನು. ನನ್ನ ಪೇಪರ್ ನನಗೆ ಕೊಡಿ." ಮೇಷ್ಟ್ರು ಜೇಬಿನಿಂದ ಒಂದು ಚೀಟಿ ತೆಗೆದರು. "ರಸೀದಿ ಬರೆದು ತಂದಿದ್ದೀನಿ."

ಆರು ತಿಂಗಳಿನಿಂದ ಉಸಿರು ಬಿಡಬೇಡಿ ಎಂದು ಹೇಳಿಕೊಂಡು, ತಾನೂ ಉಸಿರು ಬಿಡದೆ ಬದುಕಿದ್ದ ಮನುಷ್ಯ ಕೊನೆಗೂ ಬಾಯಿಬಿಟ್ಟಿದ್ದ. ಇನ್ಸ್‌ಪೆಕ್ಟರಮ್ಮನಿಗೆ ಅವರ ಮೇಲೆ ತುಂಬಾ ಪ್ರೀತಿ ಬಂತು.

ಸಾಹೇಬರು ಇಬ್ಬರನ್ನೂ ದುರುಗುಟ್ಟಿ ನೋಡಿದರು. ಗಡಿಯಾರ ನೋಡಿದರು. ಜವಾನ ಮಾಯವಾದ ಬಾಗಿಲನ್ನೂ ನೋಡಿದರು. ಕೊನೆಗೆ ಬೀರುವಿನ ಕೀಲಿಯನ್ನು ಮೇಜಿನ ಮೇಲೆ ಎಸೆದರು.

ಮೇಷ್ಟ್ರು ಲಕೋಟೆಗಳನ್ನು ಒಂದೊಂದಾಗಿ ಎಣಿಸಿದರು. ನಲವತ್ತೊಂದು. ಮೇಲಿನದನ್ನು ಚಿಮಟದಲ್ಲಿ ಹಿಡಿದು, ಒಳಮುಖವಾಗಿ ಮಡಿಸಿದ್ದ ಪೇಪರನ್ನು ಬಿಡಿಸಿದರು. ಸೌದೆ ಒಲೆಯ ಹಿಂದಿನ ಗೋಡೆಯ ಕಪ್ಪು. ಅಂಚಿನ ಸುತ್ತ ಮಾತ್ರ ಬೆರಳಗಲ ಬಿಳಿ ಉಳಿದಿತ್ತು, ಪೇಪರ್ ಮೊದಲು ಯಾವ ಬಣ್ಣವಿತ್ತು ಎಂದು ತಿಳಿಯುವಷ್ಟು. ಲಕೋಟೆಯ ಮೇಲೆ ಪೆನ್ಸಿಲ್ಲಿನ ದುಂಡು ಅಕ್ಷರ: ಮೋಡ. ಅದರ ಕೆಳಗೆ ಎರಡು ಸಲ ಗೆರೆ ಎಳೆದಿದ್ದ. ಅಷ್ಟು ಒತ್ತಿ ಹೇಳಿದ್ದನ್ನೂ ಯಾರೂ ಓದಿರಲಿಲ್ಲ.

"ಮಂಗಳವಾರ ಬೆಳಿಗ್ಗೆ ಶಾಲೆಗೆ ಹೋಗಿದ್ರಾ?" ಇನ್ಸ್‌ಪೆಕ್ಟರಮ್ಮ ಥಟ್ಟನೆ ಕೇಳಿದರು.

"ನಾನ್ಯಾಕೆ ಹೋಗ್ಲಿ? ಏಳೂವರೆಯಿಂದ ಹತ್ತರವರೆಗೆ ಇದೇ ಕೋಣೇಲಿ ಮೀಟಿಂಗ್. ಹದಿನಾಲ್ಕು ಜನ ಇದ್ರು. ನಿಮ್ಮ ಮೇಷ್ಟ್ರೂ ಇದ್ರು, ಕೇಳಿ."

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಇನ್ಸ್‌ಪೆಕ್ಟರಮ್ಮ ಎಣಿಸಿರದ ಉತ್ತರ ಅದು.

ಅವರು ಬಾಗಿಲು ದಾಟುವಾಗ ಸಾಹೇಬರ ದನಿ ಹಿಂದಿನಿಂದ ಬಂತು. ಅದರಲ್ಲಿ ಮತ್ತೆ ನುಣುಪು ಸೇರಿಕೊಂಡಿತ್ತು.

"ಒಂದು ನಿಮಿಷ ಮೇಡಂ. ಎಲ್ಲ ನನ್ನೊಬ್ಬನ ತಲೆಗೆ ಕಟ್ಟಬೇಡಿ. ಮೋಡ ಅಂದ್ರೆ ಏನು ಅಂತ ಊರಿನ ಗಣ್ಯರೊಬ್ಬರಿಗೆ ಅವತ್ತೇ ಬರೆದು ಕೇಳಿದ್ದೆ. ಅವತ್ತು ಸಂಜೆಯೇ ಉತ್ತರ ಬಂತು. ಅದರ ಮೇಲೇ ಫೈಲ್ ಮುಚ್ಚಿದ್ದು." ಸಾಹೇಬರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಚಾಚಿದರು. "ನಕಲು ತಗೊಳ್ಳಿ. ಪೇಪರ್ ಆಚೆ ಹೋದ್ರೆ ನನಗೆ ಒಂದು ವರ್ಗಾವಣೆ, ಅಷ್ಟೆ. ಇದು ಹೋದ್ರೆ ಯಾರಿಗೆ ಏನಾಗುತ್ತೋ ನೀವೇ ನೋಡಿ. ಆಸ್ಪತ್ರೆಗೆ ಹೊಸ ಆಕ್ಸಿಜನ್ ವಾರ್ಡು ಯಾರು ಕಟ್ಟಿಸಿಕೊಟ್ರು ಅಂತ ಯಾವತ್ತಾದ್ರೂ ಕೇಳಿದ್ದೀರಾ ಮನೇಲಿ?"

ಮನೇಲಿ ಎಂಬ ಮಾತು ಇನ್ಸ್‌ಪೆಕ್ಟರಮ್ಮನಿಗೆ ಚುಚ್ಚಿತು.

ಹಾಳೆಯನ್ನು ಅವರು ಮೆಟ್ಟಿಲ ಮೇಲೆ ನಿಂತು ಬಿಡಿಸಿದರು. ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು. ಅಮ್ಮ ಹೋದ ಮೇಲೆ ಆ ಪುಟ್ಟ ಕೈ ಹಿಡಿದು, ಮೊದಲ ಅಕ್ಷರದಿಂದ ಆ ಬರಹ ಕಲಿಸಿದ್ದವರು ಅವರೇ.

"ತಾವು ಕೇಳಿದ್ದಕ್ಕೆ ಉತ್ತರ. ಈ ಊರಿನಲ್ಲಿ ಮೋಡ ಎಂಬ ಮಾತಿಗೆ ಮಳೆಯ ಮೋಡ ಎಂಬುದರ ಹೊರತು ಬೇರೆ ಅರ್ಥವಿಲ್ಲ. ಹದಿನೈದು ವರ್ಷಗಳಿಂದ ಇಲ್ಲಿನ ಜನರಿಗೆ ಚಿಕಿತ್ಸೆ ನೀಡುತ್ತ, ಅವರ ಮಾತನ್ನು ದಿನವೂ ಕೇಳುತ್ತಿರುವ ವೈದ್ಯನಾಗಿ ಇದನ್ನು ದೃಢೀಕರಿಸುತ್ತೇನೆ."

ಕೆಳಗೆ ತಮ್ಮನ ಸಹಿ.

ದಿನವೂ ಕೇಳುತ್ತಿರುವ! ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಾಯಿಗೆ ಆವಿಯ ಮುಖವಾಡ ಹಿಡಿದು, ಮೋಡ ಡಾಕ್ಟ್ರೇ ಮೋಡ ಎಂದು ಅತ್ತ ಎಷ್ಟು ತಾಯಂದಿರ ಮಾತನ್ನು ಅವನು ಕೇಳಿದ್ದ! ಅಕ್ಕ ಸ್ವೆಟರಿನ ಬುದ್ಧಿ ಹೇಳುವಾಗ ಪಕ್ಕದಲ್ಲೇ ಇದ್ದ. ಹಾಗಲ್ಲ ಅಕ್ಕಾ ಎಂದು ಒಂದು ದಿನವೂ ತಿದ್ದಲಿಲ್ಲ. ವಾರ್ಡು ಕಟ್ಟಿಸಿಕೊಟ್ಟ ಕಾರ್ಖಾನೆಯ ಋಣ ತೀರಿಸಲು ಇವತ್ತು ಇವನೇ ಮಾತಾಡುತ್ತಾನೆ, ಜನ ಕಣ್ಣೀರು ಹಾಕಿ ಚಪ್ಪಾಳೆ ತಟ್ಟುತ್ತಾರೆ, ಅಂಕಿ ಇಲ್ಲವೆಂದು ಮಾತು ಬಿದ್ದುಹೋಗುತ್ತದೆ, ಚಿಮಣಿ ಎದ್ದು ನಿಲ್ಲುತ್ತದೆ.

ಹಾಳೆ ಇನ್ನೂ ಮುಗಿದಿರಲಿಲ್ಲ. ಸಹಿಯ ಕೆಳಗೆ, ಆಮೇಲೆ ನೆನಪಾಗಿ ಸೇರಿಸಿದಂತೆ, ಎರಡು ಸಾಲು ಇದ್ದವು.

"ಪೇಪರ್ ಬದಲಾಯಿಸುವವನು ಗೊಂದಲದಲ್ಲಿ ಇರುವಂತಿದೆ. ನಾಳೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನೇ ಶಾಲೆಗೆ ಹೋಗಿ ಅವನಿಗೆ ತಿಳಿಹೇಳುತ್ತೇನೆ."

 ಇನ್ಸ್‌ಪೆಕ್ಟರಮ್ಮ ಕಂಬಿ ಹಿಡಿದುಕೊಂಡರು. "ಮೇಡಂ?" ಎಂದರು ಮೇಷ್ಟ್ರು, ಲಕೋಟೆಗಳ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು. ಅವರು ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು.

ಕೈಚೀಲದಲ್ಲಿ ಫೋನು ಬಡಿದುಕೊಂಡಿತು.

"ಅಕ್ಕಾ, ಎಲ್ಲಿದ್ದೀಯೇ?" ತಮ್ಮನ ದನಿಯ ಹಿಂದೆ ನೂರಾರು ಜನರ ಗದ್ದಲ. "ಪುರಭವನ ತುಂಬಿ ತುಳುಕ್ತಾ ಇದೆ. ನಾನೇ ಮೊದಲು ಮಾತಾಡೋದಂತೆ. ಪೇಪರ್ ಸಿಕ್ತಾ?"

ಅವರು ಕಟ್ಟಿನ ಕಡೆ ನೋಡಿದರು. ಎಷ್ಟೋ ಅಪರಾಧಿಗಳಿಗೆ ಅವರು ಸುಳ್ಳು ಹೇಳಿ ಬಾಯಿಬಿಡಿಸಿದ್ದರು. ಈ ಹುಡುಗನಿಗೆ ಮಾತ್ರ ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ಇಲ್ಲ ಕಣೋ. ಸಿಗಲಿಲ್ಲ."

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು. ತುಂಬ ಹೊತ್ತಿನಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಉಸಿರು.

"ಹೋಗ್ಲಿ ಬಿಡಕ್ಕಾ. ನಿನ್ನ ಕೈಲಾದಷ್ಟು ನೀನು ಮಾಡ್ದೆ. ಬೇಗ ಬಾ."

ಆ ದನಿ ತೀರಾ ಹಗುರವಾಗಿತ್ತು.

"ಬರ್ತೀನಿ ಇರು. ಮುಂದಿನ ಸಾಲಲ್ಲಿ ಎರಡು ಜಾಗ ಹಿಡಿದಿಡು."

"ಎರಡಾ? ಇನ್ನೊಂದು ಯಾರಿಗೆ?"

"ಪೇಪರಣ್ಣನ ಮಗಳಿಗೆ. ಮಂಗಳವಾರ ಬೆಳಿಗ್ಗೆ ಶಾಲೆ ಹತ್ರ ಅವರಪ್ಪನ್ನ ನೋಡೋಕೆ ಬಂದಿದ್ದವರು ಯಾರು ಅಂತ ಅವಳಿಗೆ ಗೊತ್ತಾಗ್ಬೇಕಂತೆ ಕಣೋ."

ಇನ್ಸ್‌ಪೆಕ್ಟರಮ್ಮ ಫೋನು ಕಿವಿಗೆ ಹಿಡಿದೇ ಪುರಭವನದ ಕಡೆ ಹೊರಟರು. ಆ ಕಡೆ ಫೋನು ಇನ್ನೂ ಕಟ್ಟಾಗಿರಲಿಲ್ಲ.